ಹಾಡುಗಾರನಿಲ್ಲದ ಹಾಡು

ಚಿ. ಮೇಘನಾಳಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ಮುಂದಿನ ಕಛೇರಿಗೆ ಆಸ್ಟ್ರಿಯಾದ ಸಂಗೀತಕಾರ ಶೂಬರ್ಟ್‌ನ ‘ಎರ್ಲ್‌ಕೋನಿಗ್’ ಹಾಡನ್ನು, ಹಂಗೆರಿಯ ಪಿಯಾನೊ ವಾದಕ ಲಿಸ್ಟ್ ಪಿಯಾನೊಗೆ ಅಳವಡಿಸಿದ ರೂಪದಲ್ಲಿ ನುಡಿಸುತ್ತೇನೆ ಎಂದು ಬರೆದಿದ್ದೀಯ. ಬಲಗೈ ಮಣಿಕಟ್ಟು ನೋಯುತ್ತಿದೆ, ವೇಗ ಸಾಲುತ್ತಿಲ್ಲ ಎಂದೂ ಬರೆದಿದ್ದೀಯ. ಆ ಹಾಡು ಏನು ಹೇಳುತ್ತದೆ ಎಂಬುದರ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಅದಕ್ಕಾಗಿಯೇ ಈ ಪತ್ರ.

ನೋವು ಇಳಿಯುವವರೆಗೆ ಪಿಯಾನೊ ಮುಚ್ಚಿಡು. ನಿನ್ನ ಗುರುಗಳಿಗೂ ತಿಳಿಸು. ಆ ದಿನಗಳಲ್ಲಿ ಈ ಹಾಡಿನ ಸಾಹಿತ್ಯವಾದ, ಜರ್ಮನ್ ಕವಿ ಗಯಟೆಯ ಪದ್ಯ ಓದು. ಗಾಳಿ ಬೀಸುವ ರಾತ್ರಿ, ಮಗನನ್ನು ತೋಳಲ್ಲಿ ಅವುಚಿಕೊಂಡು ಕುದುರೆ ಓಡಿಸುವ ಅಪ್ಪ. ಅಪ್ಪನಿಗೆ ಕಾಣದೆ ಮಗುವಿಗಷ್ಟೇ ಕಾಣುವ, ಆಸೆ ತೋರಿಸಿ ಕರೆಯುವ ಮಾಯಾರಾಜ, ಅವನೇ ಎರ್ಲ್‌ಕೋನಿಗ್. 1815ರಲ್ಲಿ ಇದಕ್ಕೆ ಸಂಗೀತ ಕಟ್ಟಿದಾಗ ಶೂಬರ್ಟ್‌ಗೆ ಹದಿನೆಂಟು ವರ್ಷ, ಹೆಚ್ಚುಕಡಿಮೆ ನಿನ್ನದೇ ವಯಸ್ಸು. ಕಥೆ ಹೇಳುವವನು, ಅಪ್ಪ, ಮಗ, ರಾಜ, ಈ ನಾಲ್ವರೂ ಒಬ್ಬನೇ ಗಾಯಕನ ಗಂಟಲಲ್ಲಿ ಮಾತನಾಡಬೇಕು. ಮಗು ‘ಅಪ್ಪಾ, ಅಪ್ಪಾ’ ಎಂದು ಕೂಗುವಾಗಲೆಲ್ಲ ಸ್ವರ ಹಿಂದಿನದಕ್ಕಿಂತ ಮೇಲೇರುತ್ತದೆ. ರಾಜ ಮಾತ್ರ ಮೆಲ್ಲಗೆ, ಸಿಹಿಯಾಗಿ ಹಾಡುತ್ತಾನೆ. ಕೊನೆಗೆ ಕುದುರೆಯ ಓಟ ನಿಲ್ಲುತ್ತದೆ; ಮಗು ಸತ್ತಿತ್ತು ಎಂಬ ಮಾತು ಹಾಡೂ ಅಲ್ಲದ, ಬರಿಯ ಮಾತೂ ಅಲ್ಲದ ಧಾಟಿಯಲ್ಲಿ ಬಂದು ಮುಗಿಯುತ್ತದೆ.

ಇಷ್ಟನ್ನೂ ಲಿಸ್ಟ್ ಎರಡು ಕೈಗಳಿಗೆ ಒಪ್ಪಿಸಿದ್ದಾನೆ. ನೀನು ಕುದುರೆಯನ್ನು ಮಾತ್ರ ಓಡಿಸುತ್ತಿದ್ದೀಯೇನೋ ಎಂಬ ಅನುಮಾನ ನನಗೆ. ರಾಜನ ಭಾಗವನ್ನೂ ಅಪ್ಪನ ಭಾಗವನ್ನೂ ಒಂದೇ ಬಲದಲ್ಲಿ ಬಾರಿಸಿದರೆ ಮಣಿಕಟ್ಟು ನೋಯದೆ ಇನ್ನೇನಾಗುತ್ತದೆ? ಕುದುರೆಯ ಓಟದಂತೆ ಬಡಿಯುವ ಆ ತಿಶ್ರದ (ಒಂದು ಎಣಿಕೆಗೆ ಮೂರು ಸ್ವರ) ಹೊಡೆತ ಅಷ್ಟು ಕಷ್ಟದ್ದು. ಮೂಲ ಹಾಡಿನ ಪಿಯಾನೊ ಭಾಗಕ್ಕೆ ಶೂಬರ್ಟ್ ತಾನೇ ಒಂದು ಸುಲಭ ರೂಪವನ್ನೂ ಬರೆದಿಟ್ಟಿದ್ದಾನೆ. ಮೊದಲು ಆ ಮೂಲವನ್ನು ಹಿಡಿ. ಒಬ್ಬ ಗೆಳತಿಗೋ ಗೆಳೆಯನಿಗೋ ಹಾಡಲು ಹೇಳಿ ನೀನು ಪಕ್ಕವಾದ್ಯ ನುಡಿಸು. ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಕೋ. ಲಿಸ್ಟ್‌ನ ರೂಪ ನುಡಿಸುವಾಗಲೂ ಅಲ್ಲೇ ಕೈ ಎತ್ತಬೇಕು.

ನಮ್ಮ ವೀಣೆಯಲ್ಲಿ ಕೃತಿ ಕಲಿಸುವಾಗ ಮೊದಲು ಸಾಹಿತ್ಯ ಹಾಡಿಸುತ್ತಾರೆ. ಸಾಹಿತ್ಯದ ಅಕ್ಷರ ಬಂದ ಕಡೆ ಮೀಟು, ಅಕ್ಷರ ಎಳೆದ ಕಡೆ ಮೀಟಿಲ್ಲದ ಎಳೆತ. ಹಾಡಲು ಬಾರದ ಕೃತಿಯನ್ನು ನುಡಿಸಲು ನನ್ನ ಗುರುಗಳು ಬಿಡುತ್ತಲೇ ಇರಲಿಲ್ಲ. ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಸೊರಗತೊಡಗುತ್ತದಾದ್ದರಿಂದ ನಿನಗೆ ಈ ಶಿಸ್ತು ಇನ್ನೂ ಹೆಚ್ಚು ಬೇಕು.

ಲಿಸ್ಟ್ ತನ್ನ ಕೈಚಳಕ ಮೆರೆಯಲು ಪರರ ಹಾಡುಗಳನ್ನು ಬಳಸಿಕೊಂಡ ಎಂದು ಮೂಗು ಮುರಿಯುವವರು ನಿನಗೂ ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಶೂಬರ್ಟ್ 1828ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಆರುನೂರಕ್ಕೂ ಹೆಚ್ಚು ಹಾಡು ಬರೆದಿದ್ದರೂ ವಿಯೆನ್ನಾದ ಆಚೆ ಅವನನ್ನು ಬಲ್ಲವರು ಕಡಿಮೆ. 1838ರಲ್ಲಿ ಡ್ಯಾನ್ಯೂಬ್ ನದಿ ಉಕ್ಕಿ ಹಂಗೆರಿಯ ಪೆಸ್ಟ್ ನಗರ ಮುಳುಗಿದಾಗ, ಸಂತ್ರಸ್ತರಿಗಾಗಿ ವಿಯೆನ್ನಾದಲ್ಲಿ ಕಛೇರಿ ಮಾಡಲು ಬಂದ ಲಿಸ್ಟ್ ಅಲ್ಲಿ ಈ ಹಾಡುಗಳನ್ನು ನುಡಿಸಿದ. ಹೀಗೆ ಶೂಬರ್ಟ್‌ನ ಐವತ್ತಕ್ಕೂ ಹೆಚ್ಚು ಹಾಡುಗಳನ್ನು ಅವನು ಪಿಯಾನೊಗೆ ತಂದ. ಸ್ವರಗಳ ಜೊತೆ ಹಾಡಿನ ಮಾತುಗಳನ್ನೂ ಅಚ್ಚು ಮಾಡಿ ಎಂದು ಪ್ರಕಾಶಕರನ್ನು ಕೇಳಿಕೊಂಡವನು ಅವನು. ನುಡಿಸುವವರು ಮಾತು ಮರೆಯಬಾರದೆಂಬ ಕಾಳಜಿ ಇಲ್ಲದವನು ಹಾಗೆ ಕೇಳುತ್ತಾನೆಯೇ?

‘ಎರ್ಲ್‌ಕೋನಿಗ್’ ಒಂದು ವರ್ಷ ಕಾಯಲಿ. ಈ ಸಲ ಲಿಸ್ಟ್ ಪಿಯಾನೊಗೆ ತಂದ ಶೂಬರ್ಟ್‌ನ ಇನ್ನೊಂದು ಹಾಡು, ‘ಶ್ಟೆಂಡ್‌ಖೆನ್’ (ಇರುಳಿನ ಪ್ರೇಮಗೀತೆ) ತೆಗೆದುಕೋ. ತಂತಿವಾದ್ಯದಂತೆ ಚಿಮ್ಮುವ ಪಕ್ಕವಾದ್ಯ, ಅದರ ಮೇಲೆ ಒಂದೇ ದನಿ. ಮುಂದೆ ಒಂದೆಡೆ ಪ್ರತಿ ಸಾಲಿಗೂ ಮೇಲಿನ ಸ್ಥಾಯಿಯಿಂದ ಮಾರ್ದನಿ ಬರುತ್ತದೆ. ಆ ಮಾರ್ದನಿ ಮೂಲ ದನಿಗಿಂತ ದೂರದಿಂದ ಕೇಳಿಸಬೇಕು. ಬೆರಳ ತೂಕ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಪಿಯಾನೊ ವಾದಕಿ ಕ್ಲಾರಾ ಶೂಮನ್ ತನ್ನ ಗಂಡ, ಸಂಗೀತಕಾರ ರಾಬರ್ಟ್‌ನ ಮೂವತ್ತು ಹಾಡುಗಳನ್ನು ಪಿಯಾನೊಗೆ ಇಳಿಸಿದ್ದಾಳೆ, ಅವನ್ನೂ ನೋಡು. ಆಕೆಯ ಬರವಣಿಗೆಯಲ್ಲಿ ಆಡಂಬರವಿಲ್ಲ. ಮೂಲ ಹಾಡಿಗೆ ಅಂಟಿಕೊಂಡೇ ನಡೆಯುತ್ತಾಳೆ.

ದಸರೆಗೆ ಮೈಸೂರಿಗೆ ಬರುತ್ತೀಯಲ್ಲ, ‘ಶ್ಟೆಂಡ್‌ಖೆನ್’ ಅನ್ನು ಮೊದಲು ಬಾಯಲ್ಲಿ ಹಾಡಿ ತೋರಿಸು. ಕಂಠ ಚೆನ್ನಾಗಿಲ್ಲ ಎಂಬ ನೆಪ ಬೇಡ. ನಿನ್ನ ಕಂಠ ನನಗೆ ಇಷ್ಟ.

ಇಂತು ನಿನ್ನ ಪ್ರೀತಿಯ
ಅತ್ತೆ