ಎರಡು ಸಲ ಕೊಂಡ ಚಾಕು

ಬೆಳಗಾವಿ
ಆಷಾಢ, ಮಳೆ ಹಿಡಿದ ನಾಲ್ಕನೇ ದಿನ

ಚಿ. ಮಲ್ಲುಗೆ ಕಾಕಾನ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ನೌಕರಿ, ಹೊಸ ಬಾಡಿಗೆ ಮನೆ, ಅವ್ವನ ಮೊಣಕಾಲು, ಇವೆಲ್ಲ ಫೋನಿನಲ್ಲಿ ಮಾತಾಡಿದ್ದೇ. ಅವನ್ನು ಬಿಡುತ್ತೇನೆ. ಕೊನೆಗೆ ಒಂದು ಮಾತು ಬರೆದಿದ್ದೀಯಲ್ಲ, "ಮೊನ್ನೆ ಬಂದ ಪಾರ್ಸಲ್ ಒಡೆದು ನೋಡಿದರೆ ಅದೇ ಒಪಿನೆಲ್ ಚಾಕು ಕಪಾಟಿನಲ್ಲಿ ಆಗಲೇ ಇತ್ತು ಕಾಕಾ, ನೆನಪೇ ಇರಲಿಲ್ಲ" ಅಂತ. ಅದನ್ನು ಓದಿದ ಮೇಲೆ ಎರಡು ರಾತ್ರಿ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಬೇಕಂತಲೇ ಎರಡು ಕೊಳ್ಳುವವರಿದ್ದಾರೆ. ಒಂದು ಕಿಸೆಗೆ, ಒಂದು ಪೆಟ್ಟಿಗೆಗೆ. ಅದಕ್ಕೆ ನನ್ನ ತಕರಾರಿಲ್ಲ. ನೀನು ಮರೆತು ಕೊಂಡಿದ್ದೀ. ಅದೂ ಒಪಿನೆಲ್ ಅನ್ನುವ ಫ್ರೆಂಚ್ ಕಂಪನಿಯ ಮಡಿಸುವ ಚಾಕು, ನಂಬರ್ 8, ಇಂಗಾಲದ ಉಕ್ಕಿನದು. ಎಂಟೂವರೆ ಸೆಂಟಿಮೀಟರ್ ಅಲಗು, ಬೀಚ್ ಅನ್ನುವ ಮರದ ಹಿಡಿ, ಕುತ್ತಿಗೆಯಲ್ಲಿ ತಿರುಗುವ ಉಕ್ಕಿನ ಬಳೆ. ನಿಮ್ಮ ಕಡೆಯ ಇಂಡಿ ಊರಿನ ಒಂದು ನಿಂಬಿಹಣ್ಣು ಕೊಯ್ದು, ಒರೆಸದೆ ಸ್ವಲ್ಪ ಹೊತ್ತು ಇಟ್ಟರೆ ಸಾಕು, ರಸ ಹರಿದ ದಾರಿಯೆಲ್ಲ ಬೂದು ಗೀರಾಗಿ ನಿಲ್ಲುತ್ತದೆ. ಆಮೇಲೆ ಪೇರಲ, ಉಳ್ಳಾಗಡ್ಡಿ, ಮಾವಿನಕಾಯಿ. ದಿನಾ ಬಳಸಿದರೆ ಅಲಗಿಗೆ ನೀಲಿ, ಬೂದು, ಕಂದು ಬೆರೆತ ಬಣ್ಣ ಬರುತ್ತದೆ, ಮತ್ತು ಎರಡು ಚಾಕುಗಳಿಗೆ ಒಂದೇ ಬಣ್ಣ ಬರುವುದಿಲ್ಲ. ಹಾಗೆ ಬಣ್ಣ ತಿರುಗಿದ ಚಾಕು ಇದ್ದವನು ಅದನ್ನು ಮರೆತು ಇನ್ನೊಂದಕ್ಕೆ ರೊಕ್ಕ ಕೊಡಲಾರ. ಅಂದರೆ ನಿನ್ನ ಮೊದಲನೆಯದು ಬಂದ ದಿನ ಹೇಗಿತ್ತೋ ಹಾಗೇ ಹೊಳೆಯುತ್ತ ಬಿದ್ದಿದೆ. ನನ್ನನ್ನು ಕಾಡಿದ್ದು ಇದು.

ಹೊಸದು ಬರುವ ಸುಖ ನನಗೆ ಗೊತ್ತಿಲ್ಲವೆಂದು ತಿಳಿಯಬೇಡ. ಡಬ್ಬಿ ಒಡೆದು, ಬೆನ್ನಿಗೆ ಸ್ಪ್ರಿಂಗಿರುವ ಮಡಿಸುವ ಚಾಕುವನ್ನು ಮೊದಲ ಸಲ ತೆರೆದಾಗ ಆ ಸ್ಪ್ರಿಂಗು 'ಟಕ್' ಅನ್ನುತ್ತದಲ್ಲ, ಆ ಸಪ್ಪಳ ಇನ್ನೂ ನನ್ನ ಕಿವಿಯಲ್ಲಿದೆ. ಆದರೆ ಆ ಸಪ್ಪಳದಲ್ಲೇ ನೋಡಬೇಕಾದ್ದು ಎಷ್ಟೊಂದಿರುತ್ತದೆ. ಪೂರ್ತಿ ತೆರೆದಾಗಲೂ ಮುಚ್ಚಿದಾಗಲೂ ಸ್ಪ್ರಿಂಗಿನ ಬೆನ್ನು ಹಿಡಿಯ ಬೆನ್ನಿಗೆ ಸಮ ಕೂತಿದೆಯೇ, ಉಗುರಿನಿಂದ ಸವರಿ ನೋಡು. ಅಲಗಿನ ತುದಿ ಹಿಡಿದು ಎಡಬಲಕ್ಕೆ ಮೆಲ್ಲಗೆ ಒತ್ತಿದರೆ ಅಲುಗಾಡಬಾರದು. ಬೆಳಕಿಗೆ ಹಿಡಿದರೆ ಸ್ಪ್ರಿಂಗು ಮತ್ತು ಪಕ್ಕದ ಹಿತ್ತಾಳೆ ತಗಡಿನ ನಡುವೆ ಸಂದು ಕಾಣಬಾರದು. ಮುಚ್ಚುವಾಗ ಅಲಗು ಪಕ್ಕಕ್ಕೆ ತಾಗದೆ ನಡುವೆ ಇಳಿಯಬೇಕು. ಒಳಗಿನ ತಗಡೇ ಅಲಗನ್ನು ತಡೆಯುವ ಬಗೆಯದಾದರೆ, ಆ ತಗಡು ಅಲಗಿನ ಬುಡದ ಕಾಲುಭಾಗಕ್ಕಾದರೂ ಒತ್ತಿ ನಿಲ್ಲಬೇಕು. ಅಂಚಿಗೆ ಮಾತ್ರ ತಾಗಿದ್ದರೆ ಒತ್ತಡ ಬಿದ್ದಾಗ ಜಾರಿ ಬೆರಳಿನ ಮೇಲೆ ಮುಚ್ಚುತ್ತದೆ. ಇಷ್ಟಕ್ಕೆ ಅರ್ಧ ತಾಸು ಬೇಕು. ನೀನು ಆ ಅರ್ಧ ತಾಸು ಮುಂದಿನದನ್ನು ಹುಡುಕುತ್ತ ಕಳೆದಿರಬಹುದು ಅನ್ನುವುದೇ ನನ್ನ ಅಂಜಿಕೆ.

ನನ್ನ ಟ್ರಂಕಿನಲ್ಲಿಟ್ಟ ಚಾಕುಗಳು ಹಾಳಾದ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಾರಣ ಮಾತ್ರ ಯಾರಿಗೂ ಹೇಳಿರಲಿಲ್ಲ. ಹನ್ನೊಂದು ಚಾಕುಗಳಲ್ಲಿ ಒಂದರ ಹಿಡಿ ಸೆಲ್ಯುಲಾಯ್ಡ್, ಅಂದರೆ ಹಳೆಯ ಕಾಲದ ಒಂದು ಬಗೆಯ ಪ್ಲಾಸ್ಟಿಕ್ಕು. ಅದು ಕೆಡಲು ಶುರುವಾದರೆ ಆಮ್ಲದ ಆವಿ ಬಿಡುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಆ ಆವಿ ಪಕ್ಕದ ಚಾಕುಗಳನ್ನೂ ತಿನ್ನುತ್ತದೆ. ಹಿಡಿಯಲ್ಲಿ ಸಣ್ಣ ಬಿರುಕು, ಕರ್ಪೂರ ಬೆರೆತ ಹುಳಿ ವಾಸನೆ, ಹಿತ್ತಾಳೆಗೆ ಹಸಿರು, ಇಷ್ಟು ಗುರುತು ಮೊದಲೇ ಕಾಣುತ್ತವೆ. ತಿಂಗಳಿಗೊಮ್ಮೆ ಮುಚ್ಚಳ ತೆರೆದಿದ್ದರೂ ಗೊತ್ತಾಗುತ್ತಿತ್ತು. ನಾನು ಹನ್ನೆರಡನೆಯದನ್ನು ಹುಡುಕುತ್ತಿದ್ದೆ. ಉಳಿದವನ್ನು ಚರ್ಮದ ಒರೆಯಲ್ಲೇ ಇಟ್ಟಿದ್ದೆ, ಅದೂ ತಪ್ಪು. ಚರ್ಮ ತೇವ ಹಿಡಿಯುತ್ತದೆ, ಹದ ಮಾಡಿದಾಗಿನ ಉಪ್ಪೂ ಅದರಲ್ಲಿರುತ್ತದೆ. ಅಂಥ ಹಿಡಿ ನಿನ್ನ ಹತ್ತಿರ ಇದ್ದರೆ ಇವತ್ತೇ ಬೇರೆ ಎತ್ತಿಡು ತಮ್ಮಾ.

ಅಜ್ಜನ ಚಾಕು ಹೋದದ್ದಂತೂ ಪೂರಾ ನನ್ನ ಆತುರಕ್ಕೆ. ನೀರಿಲ್ಲದ ಸಾಣಿ ಗಾಲಿಗೆ ಹಿಡಿಸಿದೆ. ಕಿಡಿ ಹಾರಿದವು, ಅಂಚು ನೀಲಿಯಾಯಿತು. ಇಂಥ ಅಲಗಿಗೆ ಸುಮಾರು 200 ಡಿಗ್ರಿಯಲ್ಲಿ ಹದ ಕೊಟ್ಟಿರುತ್ತಾರೆ. ನೀಲಿ ಕಂಡಿತೆಂದರೆ ಕಾವು 300ರ ಹತ್ತಿರ ಮುಟ್ಟಿದೆ, ಗಟ್ಟಿತನ ಹೋಯಿತು. ಆಮೇಲೆ ಎಷ್ಟು ಮಸೆದರೂ ಎರಡು ಅಡಕಿಗೆ ಮೊಂಡಾಗುತ್ತಿತ್ತು.

ಆದ್ದರಿಂದ ಕೈಯಿಂದಲೇ ಮಸೆ ಅಂತ ಹೇಳಬೇಕೆನಿಸುತ್ತದೆ. ಕೇಳದವನಿಗೆ ಹೇಳುತ್ತಿದ್ದೇನೆ, ಸಿಟ್ಟಾಗಬೇಡ. 1000 ಗ್ರಿಟ್ಟಿನ (ಗ್ರಿಟ್ಟು ಅಂದರೆ ಕಲ್ಲಿನ ನುಣುಪಿನ ಅಳತೆ) ನೀರುಕಲ್ಲು, ಅಂದರೆ ನೀರು ಹಾಕಿ ಮಸೆಯುವ ಕಲ್ಲು, ಒಂದಿದ್ದರೆ ಸಾಕು. ಅಲಗು 15 ಮಿ.ಮೀ. ಅಗಲವಿದ್ದರೆ ಬೆನ್ನು ಕಲ್ಲಿನಿಂದ 4ರಿಂದ 5 ಮಿ.ಮೀ. ಎದ್ದಿರಲಿ, ಅಲ್ಲಿಗೆ 15ರಿಂದ 20 ಡಿಗ್ರಿ ಆಯಿತು. ಒಂದೇ ಬದಿ ಉಜ್ಜುತ್ತ ಹೋದರೆ ಇನ್ನೊಂದು ಬದಿಗೆ ಕೂದಲೆಳೆಯಷ್ಟು ಲೋಹ ಮಡಚಿ ಬರುತ್ತದೆ. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಆಚೆಗೆ ಸವರಿದರೆ ತಡೆಯುತ್ತದೆ. ಬುಡದಿಂದ ತುದಿಯವರೆಗೆ ಅದು ಸಿಗುವ ತನಕ ಬದಿ ತಿರುಗಿಸಬೇಡ. ಬಹಳ ಮಂದಿ ಕೆಡಿಸುವುದು ಇಲ್ಲೇ; ನಾಲ್ಕು ಸಲ ಈ ಕಡೆ, ನಾಲ್ಕು ಸಲ ಆ ಕಡೆ ಉಜ್ಜಿ ಆಯಿತು ಅನ್ನುತ್ತಾರೆ, ಅಂಚು ಮುಟ್ಟಿರುವುದೇ ಇಲ್ಲ. ಕೊನೆಗೆ ಹಳೆಯ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಹತ್ತಿಪ್ಪತ್ತು ಸಲ ಎಳೆ. ಹೀಗೆ ಒಂದು ಸಲ ಮಸೆದ ಚಾಕುವನ್ನು ಕೈ ಮರೆಯುವುದಿಲ್ಲ ಮಲ್ಲು. ಕಣ್ಣು ಮರೆತೀತು.

ಎಣ್ಣೆಯ ಮಾತು ಒಂದಿದೆ. ಅಡಿಗೆ ಮನೆಯ ಕುಸುಬಿ ಎಣ್ಣೆಯನ್ನು ಕೀಲಿಗೆ ಬಿಡಬೇಡ, ಒಣಗಿ ಅಂಟಾಗುತ್ತದೆ. ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಸಾಕು, ಹೆಚ್ಚಾದದ್ದನ್ನು ಅರಿವೆಯಿಂದ ಒರೆಸು. ಅಗಸಿ ಎಣ್ಣೆಯೂ ಒಣಗುವಂಥದ್ದೇ, ಅದಕ್ಕೇ ಕಟ್ಟಿಗೆ ಹಿಡಿಗೆ ಅದು ಒಳ್ಳೆಯದು. ಹಚ್ಚಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ, ತಾನೇ ಕಾದು ಬೆಂಕಿ ಹತ್ತುವುದುಂಟು. ಹರವಿ ಒಣಗಿಸು.

ವಿಜಯಪುರದ ಒಣ ಹವೆಯಲ್ಲಿ ನಿನಗೆ ತುಕ್ಕಿನ ಕಾಟ ಕಡಿಮೆ. ಇಲ್ಲಿಯ ಮಳೆಗೆ ಒಪಿನೆಲ್ಲಿನ ಹಿಡಿ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ, ಉಗುರು ಹಾಕಿ ಎಳೆದರೂ ಬರುವುದಿಲ್ಲ. ಆಗ ಬಳೆಯ ಸಂದು ಅಲಗಿನ ನೇರಕ್ಕೆ ಇದೆಯೋ ನೋಡಿ, ಹಿಡಿಯ ಹಿಂತುದಿಯನ್ನು ಮೇಜಿಗೆ ಕುಟ್ಟಬೇಕು. ಅಲಗು ತಾನೇ ಮೇಲೆ ಏಳುತ್ತದೆ. ಇದನ್ನೂ ನೀನು ಮಾಡಿ ನೋಡಿರಲಾರೆ ಅನಿಸಿ ಮತ್ತೆ ಅದೇ ಯೋಚನೆಗೆ ಬಂದೆ.

ಎರಡನೆಯದನ್ನು ವಾಪಸು ಕಳಿಸಬೇಡ. ಕೊಳ್ಳುವುದನ್ನು ನಿಲ್ಲಿಸು ಅಂತಲೂ ನಾನು ಹೇಳುವುದಿಲ್ಲ, ಹೇಳುವ ಹಕ್ಕು ನನಗಿಲ್ಲ. ಎರಡನೆಯದು ಡಬ್ಬಿಯಲ್ಲೇ ಇರಲಿ. ಮೊದಲನೆಯದನ್ನು ನಾಳೆಯಿಂದ ಕಿಸೆಗೆ ಹಾಕು. ಊಟದ ಉಳ್ಳಾಗಡ್ಡಿ ಅದರಿಂದಲೇ ಹೆಚ್ಚು, ಸಂಜೆಯ ಪೇರಲವೂ ಅದರಿಂದಲೇ. ಬಳಸಿದ ಕೂಡಲೇ ನೀರಿಗೆ ಹಿಡಿದು ಒರೆಸು. ಬೂದು ಬಣ್ಣಕ್ಕೆ ಅಂಜಬೇಡ. ಕೆಂಪು ಪುಡಿ ಕಂಡರೆ ಮಾತ್ರ ಅಂದೇ ಉಜ್ಜಿ ತೆಗೆ.

ಖಂಡೇನವಮಿಗೆ ಎರಡನ್ನೂ ತಗೊಂಡು ಬಾ. ಬಸ್ಸಿನಲ್ಲಿ ಕಿಸೆಯಲ್ಲಿ ಬೇಡ, ಚೀಲದ ತಳದಲ್ಲಿರಲಿ. ಪೂಜೆಗೆ ಪಕ್ಕ ಪಕ್ಕ ಇಡೋಣ. ಕುಂಕುಮ ಹಿಡಿಗೆ ಹಚ್ಚೋಣ, ಹಸಿ ಹೂವು ಅಲಗಿನ ಮೇಲೆ ರಾತ್ರಿಯೆಲ್ಲ ಇರುವುದು ಬೇಡ, ಬೆಳಗಾಗುವುದರೊಳಗೆ ಅಚ್ಚೊತ್ತಿದ ಹಾಗೆ ತುಕ್ಕು ಕೂರುತ್ತದೆ. ಎರಡರಲ್ಲಿ ಯಾವುದು ನಿನ್ನದೆಂದು ನಾನು ಕೇಳುತ್ತೇನೆ.

ನಿನ್ನ
ಕಾಕಾ