ಹಳೆಯ 12 ಬೋರ್ ಕೋವಿಗಳ ಚೇಂಬರ್ ಕುರಿತು

ಗುಂಪಿನ ಸದಸ್ಯರ ಗಮನಕ್ಕೆ,

ಕೊಡಗಿನ ಮನೆಗಳಲ್ಲಿ ಉಳಿದಿರುವ ಹಳೆಯ ಇಂಗ್ಲಿಷ್ ಜೋಡಿ ನಳಿಗೆಯ ಕೋವಿಗಳಲ್ಲಿ ಹಲವಕ್ಕೆ ಎರಡೂವರೆ ಇಂಚಿನ, ಅಂದರೆ 65 ಮಿ.ಮೀ. ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗ) ಇರುತ್ತದೆ. 70 ಮಿ.ಮೀ. ತೋಟೆಯೂ ಅದರೊಳಗೆ ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ. ಮೋಸ ಹೋಗುವುದು ಇಲ್ಲಿಯೇ. ತೋಟೆಯ ಮೇಲೆ ನಮೂದಾಗಿರುವುದು ಹಾರಿಸಿದ ನಂತರದ ಉದ್ದ. ಮಡಚಿದ ಅದರ ಬಾಯಿ ಗುಂಡು ಹಾರುವಾಗ ಬಿಚ್ಚಿಕೊಂಡು, ಚೇಂಬರಿನ ಮುಂದೆ ನಳಿಗೆ ಕಿರಿದಾಗುವ ಜಾಗಕ್ಕೆ ಚಾಚಿ ದಾರಿಯನ್ನು ಇಕ್ಕಟ್ಟಾಗಿಸುವುದರಿಂದ ಒತ್ತಡ ಏರುತ್ತದೆ.

ರೀಮರ್ ಎಂಬ ಕೊರೆಯುವ ಉಪಕರಣದಿಂದ ಚೇಂಬರನ್ನು ಉದ್ದ ಮಾಡಿಸಬಹುದಾದರೂ ಅಲ್ಲಿ ಉಕ್ಕು ತೆಳುವಾಗುವುದರಿಂದ, ಮೊದಲೇ ದಪ್ಪವನ್ನು ಅಳೆಯಿಸದೆ, ಆಮೇಲೆ ಪ್ರೂಫ್ ಪರೀಕ್ಷೆಯನ್ನು (ಹೆಚ್ಚಿನ ಒತ್ತಡದ ತೋಟೆ ಹಾರಿಸಿ ನಳಿಗೆಯ ಬಲ ನೋಡುವುದು) ಮತ್ತೆ ಮಾಡಿಸದೆ ಅಂಥ ಕೋವಿಯನ್ನು ಬಳಸಬಾರದು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಯಾದರೆ ಆ ಯೋಚನೆಯನ್ನೇ ಬಿಡುವುದು ಮೇಲು. ಕೋವಿ ಇಟ್ಟುಕೊಳ್ಳಲು ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದ್ದರೂ, ಇಂಥ ಕೆಲಸವನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಪಡೆದ ದುರಸ್ತಿಗಾರರೇ ಮಾಡಬೇಕು. ಊರಿನ ಲೇತ್ ಅಂಗಡಿಗೆ ಒಯ್ಯಬಾರದು.

ನನ್ನ ಅಭಿಪ್ರಾಯದಲ್ಲಿ, ಕೋವಿಯನ್ನು ಕೊರೆಸುವುದಕ್ಕಿಂತ 65 ಮಿ.ಮೀ. ತೋಟೆಯನ್ನೇ ಹುಡುಕಿ ಕೊಳ್ಳುವುದು ಜಾಣತನ. ಕೊಡಗಿನ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ ಕೋವಿಯನ್ನು ಒರೆಸುವಾಗ ನಳಿಗೆಯ ಅಡಿಭಾಗದ ಪ್ರೂಫ್ ಮುದ್ರೆಗಳನ್ನು ಓದಿ, ಚೇಂಬರಿನ ಉದ್ದ ಅಲ್ಲಿ ಕಾಣದಿದ್ದರೆ ದುರಸ್ತಿಗಾರರಿಂದ ಅಳೆಯಿಸಿಕೊಳ್ಳಬೇಕಾಗಿ ವಿನಂತಿ.