ಮರದ ಅಚ್ಚುಮೊಳೆಯಿಂದ ಫಾಂಟ್: ಫೋಟೊ ಹೊಡೆದರೆ ಸಾಲದು

ಮಾನ್ಯ ಸಂಪಾದಕರೇ,

ನಾಟಕ, ಯಕ್ಷಗಾನದ ಪೋಸ್ಟರುಗಳಲ್ಲಿ ಕಾಣುತ್ತಿದ್ದ ದಪ್ಪ ಮರದಚ್ಚಿನ ಅಕ್ಷರಗಳನ್ನು ಕಂಪ್ಯೂಟರಿನ ಫಾಂಟ್ ಮಾಡುವ ಉತ್ಸಾಹ ನಮ್ಮ ಮಲೆನಾಡಲ್ಲೂ ಹುಟ್ಟಿದೆ. ಸಂತೋಷ. ಆದರೆ ಮೊಬೈಲಲ್ಲಿ ಮೊಳೆಯ (ಅಕ್ಷರವನ್ನು ತಿರುವುಮುರುವಾಗಿ ಕೆತ್ತಿದ ಮರದ ಅಚ್ಚಿನ) ಫೋಟೊ ಹೊಡೆದು, ಎಡಬಲ ತಿರುಗಿಸಿ, ಚಿತ್ರದ ಅಂಚನ್ನು ತಾನೇ ಗೆರೆಯಾಗಿಸುವ ಆಟೊ ಟ್ರೇಸ್ ಒತ್ತಿದರೆ ಮೊಳೆಯ ಗಾಯಗಳೂ ಅಕ್ಷರದ ಭಾಗವಾಗಿಬಿಡುತ್ತವೆ.

ಮೊದಲು ಪ್ರೂಫ್, ಅಂದರೆ ಮೊಳೆಯನ್ನು ಕಾಗದದ ಮೇಲೆ ಒತ್ತಿದ ಮಾದರಿ ಪ್ರತಿ, ತೆಗೆಯಬೇಕು. ಮೊಳೆಗೆ ನೀರು ಸೋಕಿಸಬಾರದು, ಮರ ಉಬ್ಬುತ್ತದೆ, ಬಿಸಿಲಿಗಿಟ್ಟರೆ ಸೀಳುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹಳೆ ಶಾಯಿ ಒರೆಸಿ, ನೆರಳಲ್ಲಿ ಆರಿಸಿ. (ನಮ್ಮ ಆಷಾಢದಲ್ಲಿ ಈ ಕೆಲಸ ಬೇಡವೇ ಬೇಡ.) ಬುಡದಿಂದ ಅಕ್ಷರದ ಮೈವರೆಗೆ ಮೊಳೆಯ ಎತ್ತರ 0.918 ಇಂಚು ಇರಬೇಕು. ಸವೆದದ್ದಕ್ಕೆ ಅಡಿಯಲ್ಲಿ ಕಾಗದ ಕೊಟ್ಟು ಸಮ ಮಾಡಿ, ಮೊಳೆಗೆ ತೆಳುವಾಗಿ ಶಾಯಿ ಹಚ್ಚಿ ನುಣುಪು ಕಾಗದದ ಮೇಲೆ ಒತ್ತಿ, ಆ ಪ್ರೂಫನ್ನು 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕಿ) ಸ್ಕ್ಯಾನ್ ಮಾಡಿ.

ಶಾಯಿ ಹೆಚ್ಚಾದರೆ ಧ, ಭ, ಢಗಳ ಬುಡದ ಸೀಳು ಮುಚ್ಚಿಹೋಗಿ ದ, ಬ, ಡ ಆಗುತ್ತವೆ. ‘ಷ’ದ ಹೊಟ್ಟೆಯ ಗೆರೆಯೂ ಅಷ್ಟೇ, ಕಲಸಿಹೋದರೆ ‘ಪ’ ಉಳಿಯುತ್ತದೆ. ಹಾಗಾಗಿ ಸೀಳಿನ ಅಗಲವನ್ನು ಪ್ರೂಫಿನಲ್ಲಲ್ಲ, ಮೊಳೆಯ ಮೇಲೆಯೇ ಅಳೆಯಬೇಕು. ತಲಕಟ್ಟಿನ ತುದಿ ಮೊಂಡಾಗಿದ್ದರೆ ಅದು ಸವಕಳಿಯೋ ಕೆತ್ತನೆಯೋ ಎಂದು ಇನ್ನೊಂದು ಅಕ್ಷರದ ತಲಕಟ್ಟಿಗೆ ಹೋಲಿಸಿಯೇ ತೀರ್ಮಾನಿಸಬೇಕು.

ನಿಜವಾದ ಪೀಕಲಾಟ ಒತ್ತಕ್ಷರದ್ದು. 34 ವ್ಯಂಜನಗಳಿಗೂ ಒತ್ತು ಬೇಕು. ಪ್ರೆಸ್ಸಿನ ಹಳೆ ಮೊಳೆಪೆಟ್ಟಿಗೆಯಲ್ಲಿ ಎಲ್ಲವೂ ಸಿಗುವುದು ಅಪರೂಪ. ಮೂಲ ಅಕ್ಷರವನ್ನೇ ಕುಗ್ಗಿಸಿ ಒತ್ತು ಮಾಡಿದರೆ ಗೆರೆ ಬಡಕಲಾಗಿ ಪೋಸ್ಟರಿನ ಕಳೆ ಹೋಗುತ್ತದೆ. ಹೊಸದಾಗಿಯೇ ಬರೆಯಬೇಕು, ಯಾವುದು ಮೊಳೆಯದು, ಯಾವುದು ಸೇರಿಸಿದ್ದು ಎಂದು ಫಾಂಟಿನ ಜೊತೆ ತಿಳಿಸಬೇಕು. ಬೇಕಿದ್ದರೆ ಒಂದೆರಡನ್ನು ಮರದಲ್ಲಿ ಕೆತ್ತಿಸಿ ಒತ್ತಿನೋಡಬಹುದು, ಸಾಗರ-ಸೊರಬದ ಗುಡಿಗಾರರಿರುವ ಜಿಲ್ಲೆಗೆ ಅದೇನು ಕಷ್ಟ? ಆಮೇಲೆ ‘ರಾಷ್ಟ್ರೀಯ’, ‘ಲಕ್ಷ್ಮೀ’, ‘ಅರ್ಘ್ಯ’ ಟೈಪ್ ಮಾಡಿ ನೋಡಿ. ‘ಸೂರ್ಯ’ಕ್ಕೆ ಅರ್ಕಾವೊತ್ತು, ‘ರ‍್ಯಾಂಕ್’ಗೆ ಯ ಒತ್ತು ಬರಲೇಬೇಕು. ಸಾಲಿನ ಕೆಳಗೆ ಜಾಗ ಬಿಡದಿದ್ದರೆ ಜೋಡಿ ಒತ್ತಿನ ಕಾಲು ಕತ್ತರಿಸಿಹೋಗುತ್ತದೆ.

ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರಸಂಕೇತ ಯೂನಿಕೋಡ್‌ನಲ್ಲೇ ಮಾಡಿ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ಪರವಾನಗಿಯಲ್ಲಿ ಕೊಡಿ. ಪ್ರೆಸ್ ಮುಚ್ಚುವ ಮಾಲೀಕರಲ್ಲೂ ಒಂದು ಕೋರಿಕೆ: ಮೊಳೆಗಳನ್ನು ಮಾರುವ ಮುನ್ನ ಪೂರ್ತಿ ಸೆಟ್ಟಿನ ಒಂದು ಪ್ರೂಫ್ ಒತ್ತಿಸಿ, ಶಿವಪ್ಪ ನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೋ ಹತ್ತಿರದ ಗ್ರಂಥಾಲಯಕ್ಕೋ ಕೊಡಿ.

– ಅಚ್ಚುಮೊಳೆ ಆಸಕ್ತರು, ಶಿವಮೊಗ್ಗ